ಮಕ್ಕಳ ನರ್ಸ್‌ಗಳಿಗೆ ಉಪಶಾಮಕ ಆರೈಕೆ ಕಲಿಸುವಾಗ

ತರಬೇತಿಯನ್ನು ನಾವು ಸಾವಿನ ಮಾತಿನಿಂದ ಶುರು ಮಾಡುವುದಿಲ್ಲ, ನೋವಿನ ಅಳತೆಯಿಂದ ಶುರು ಮಾಡುತ್ತೇವೆ. ಉಪಶಾಮಕ ಆರೈಕೆ, ಅಂದರೆ ಗಂಭೀರ ರೋಗದ ನೋವು, ಸಂಕಟ ತಗ್ಗಿಸುವ ಆರೈಕೆ, ಕೊನೆಯ ವಾರದ ಕೆಲಸ ಎಂಬ ತಪ್ಪು ತಿಳಿವಳಿಕೆ ಅಲ್ಲೇ ಸಡಿಲಗೊಳ್ಳುತ್ತದೆ. ರೋಗ ಪತ್ತೆಯಾದ ದಿನದಿಂದ, ಚಿಕಿತ್ಸೆಯ ಜೊತೆಜೊತೆಗೇ ಇದು ನಡೆಯಬೇಕು.

ಮಾತು ಬಾರದ ಮಗುವಿನ ನೋವು ಅಳೆಯಲು ಫ್ಲ್ಯಾಕ್ (FLACC) ಮಾಪಕ: ಮುಖ, ಕಾಲು, ಚಟುವಟಿಕೆ, ಅಳು, ಸಂತೈಸಿದರೆ ಸುಮ್ಮನಾಗುತ್ತದೆಯೇ ಎಂಬುದು. ಒಂದೊಂದಕ್ಕೂ 0ಯಿಂದ 2, ಒಟ್ಟು 10. ಇಬ್ಬರು ನರ್ಸ್‌ಗಳು ಒಂದೇ ಮಗುವನ್ನು ಒಂದೇ ಹೊತ್ತಿಗೆ ನೋಡಿ, ಬೇರೆಬೇರೆಯಾಗಿ ಅಂಕ ಬರೆದು ಹೋಲಿಸುತ್ತಾರೆ. ಎಡವುವುದು ಬಹುದಿನ ನೋವುಂಡ ಮಗುವಿನ ವಿಷಯದಲ್ಲಿ. ಅದು ಅಳುವುದಿಲ್ಲ, ಆಡುವುದಿಲ್ಲ, ಅಲುಗದೆ ಮಲಗಿರುತ್ತದೆ. ಚಾರ್ಟಿನಲ್ಲಿ ‘ಆರಾಮಾಗಿದೆ’ ಎಂದು ಬರೆದುಬಿಡುತ್ತಾರೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವಾದರೆ, ನೋವಾದಾಗ ಅದು ಏನು ಮಾಡುತ್ತದೆಂದು ತಾಯಿಯನ್ನು ಕೇಳಿ, ಅವರ ಮಾತಿನಲ್ಲೇ ಚಾರ್ಟಿನ ಮೇಲ್ತುದಿಯಲ್ಲಿ ಬರೆಸುತ್ತೇವೆ.

ತರಬೇತಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕ. 12 ಕೆಜಿ ತೂಕದ 3 ವರ್ಷದ ಮಗುವಿಗೆ ವೈದ್ಯರು ಪ್ರತಿ ಕೆಜಿಗೆ 200 ಮೈಕ್ರೋಗ್ರಾಂನಂತೆ 4 ಗಂಟೆಗೊಮ್ಮೆ ಬಾಯಿಯ ಮೂಲಕ ಕೊಡಲು ಬರೆದಿದ್ದಾರೆ ಎನ್ನಿ. ಡೋಸ್ 2.4 ಮಿಲಿಗ್ರಾಂ. 5 ಮಿಲೀ ದ್ರಾವಣದಲ್ಲಿ 10 ಮಿಲಿಗ್ರಾಂ ಇದ್ದರೆ ಸಿರಿಂಜಿಗೆ 1.2 ಮಿಲೀ. ದಶಮಾಂಶ ಬಿಂದು ಕಣ್ತಪ್ಪಿದರೆ ಅದೇ 12 ಮಿಲೀ ಆಗುತ್ತದೆ. ಆದ್ದರಿಂದ ಮಿಲಿಗ್ರಾಂ, ಮಿಲೀ ಎರಡನ್ನೂ ಬರೆಯಬೇಕು. ಎರಡನೆಯ ನರ್ಸ್ ಮೊದಲಿನವರ ಉತ್ತರ ನೋಡದೆ ತಾವೇ ಲೆಕ್ಕ ಹಾಕಬೇಕು. ‘ಸರಿಯಾಗಿದೆ ಅಲ್ವಾ?’ ಎಂದು ತೋರಿಸಿ ಕೇಳಿದರೆ ಬರುವ ಉತ್ತರ ‘ಹೌದು’ ಒಂದೇ. ಮಾರ್ಫಿನ್‌ನಿಂದ ಮಲಬದ್ಧತೆ ಆಗುತ್ತದೆ; ಅದಕ್ಕೆ ಔಷಧ ಅದೇ ದಿನ ಶುರುವಾಗಬೇಕು, ಹೊಟ್ಟೆ ಕಟ್ಟಿದ ಮೇಲಲ್ಲ.

‘ಮಗು ಮಲಗಿದೆ, ಈ ಡೋಸ್ ಬಿಡೋಣ’ ಎನ್ನುವುದು ರಾತ್ರಿ ಪಾಳಿಯ ಸಾಮಾನ್ಯ ತಪ್ಪು. ನೋವು ಇಳಿದ ಮೊದಲ ಒಂದೆರಡು ದಿನ ಮಗು ಬಾಕಿ ಉಳಿದ ನಿದ್ದೆಯನ್ನೆಲ್ಲ ತೀರಿಸಿಕೊಳ್ಳುತ್ತದೆ. ಮುಟ್ಟಿ ಕರೆದರೆ ಎಚ್ಚರವಾಗುತ್ತದೆಯೇ, ಉಸಿರಿನ ಗತಿ ವಯಸ್ಸಿಗೆ ತಕ್ಕಂತಿದೆಯೇ ಎಂದು ನೋಡಿ ಕೊಡಬೇಕು. ಎಚ್ಚರಿಸುವುದೇ ಕಷ್ಟವಾದರೆ, ಉಸಿರು ನಿಧಾನವಾಗಿದ್ದರೆ, ಡೋಸ್ ತಡೆದು ಕೂಡಲೇ ವೈದ್ಯರನ್ನು ಕರೆಯಬೇಕು.

ಮಾತಿನ ಅಭ್ಯಾಸ ಮೂವರ ಗುಂಪಿನಲ್ಲಿ: ಒಬ್ಬರು ಮಗು, ಒಬ್ಬರು ನರ್ಸ್, ಒಬ್ಬರ ಕೈಯಲ್ಲಿ ಗಡಿಯಾರ. ‘ನಾನು ಸಾಯ್ತೀನಾ?’ ಎಂದು ಮಗು ಕೇಳಿದಾಗ ‘ಹಾಗೆಲ್ಲ ಮಾತಾಡಬಾರದು’ ಎಂದು ಬಾಯಿ ಮುಚ್ಚಿಸಿದರೆ ಆ ಮಗು ಮತ್ತೆ ಕೇಳದೇ ಹೋಗಬಹುದು. ‘ಯಾಕೆ ಹಾಗನ್ನಿಸ್ತು, ಹೇಳ್ತೀಯಾ?’ ಎಂದು ಕೇಳಿ 10 ಸೆಕೆಂಡು ಸುಮ್ಮನಿರಬೇಕು. ಆ 10 ಸೆಕೆಂಡು ತಡೆಯುವುದೇ ಅತಿ ಕಷ್ಟ. ಎಷ್ಟು ಸಲ ಮಾಡಿಸಿದರೂ ಕಡಿಮೆಯೇ. ಒಡಹುಟ್ಟಿದವರಿಗೆ ‘ನಿದ್ದೆ ಹೋದ’ ಎನ್ನಬಾರದು, ಮಲಗಲು ಹೆದರುತ್ತಾರೆ. ‘ಸತ್ತುಹೋದ’ ಎಂದೇ ಮೆಲ್ಲಗೆ ಹೇಳಬೇಕು.

ಕೊನೆಯ ಗಂಟೆಗಳಲ್ಲಿ ಉಸಿರಾಟದಲ್ಲಿ ಗೊರಗೊರ ಸದ್ದಾದರೆ ಮಗ್ಗುಲು ಬದಲಿಸುವುದು ಮೊದಲು. ಕಫ ಹೀರಿ ತೆಗೆಯುವ ಸಕ್ಷನ್ ನಳಿಗೆಯನ್ನು ಗಂಟಲಿನಾಳಕ್ಕೆ ಇಳಿಸಿದರೆ ಹಿಂಸೆಯೇ ಹೆಚ್ಚು. ಉಸಿರು ನಿಂತು ಮತ್ತೆ ಬರುತ್ತದೆಂದು ತಂದೆತಾಯಿಗೆ ಮೊದಲೇ ತಿಳಿಸಿ, ಬಿಪಿ ಪಟ್ಟಿ ಬಿಚ್ಚಿಟ್ಟು, ಮಗುವನ್ನು ಅವರ ಮಡಿಲಿಗೆ ಕೊಡುವುದು.