ತೋಡಿಗೆ ಕಟ್ಟ, ಕೈಗೆ ಲೆಕ್ಕದ ಪುಸ್ತಕ: ನಾವು ಯುವಕ ಮಂಡಲ ನಡೆಸುವ ಬಗೆ

ಕಾಸರಗೋಡಿನ ಹಳ್ಳಿಗಳಲ್ಲಿ ಯುವಕ ಮಂಡಲ ಎಂದರೆ ವಾರ್ಷಿಕೋತ್ಸವ, ಹಗ್ಗಜಗ್ಗಾಟ, ರಾತ್ರಿಗೊಂದು ಯಕ್ಷಗಾನ. ಅದೆಲ್ಲ ಬೇಕು, ಬೇಡ ಎನ್ನುವವರು ನಾವಲ್ಲ. ಆದರೆ ಸ್ಟೇಜು ಬಿಚ್ಚಿದ ಮರುದಿನ ಬೀಗ ಬಿದ್ದರೆ ಮುಂದಿನ ವರ್ಷದವರೆಗೆ ಆ ಬಾಗಿಲು ತೆಗೆಯುವುದಿಲ್ಲ. ನಮ್ಮ ಮಂಡಲದ ವರ್ಷ ತೋಡಿನಿಂದ, ಅಂದರೆ ಊರಿನ ಸಣ್ಣ ಹಳ್ಳದಿಂದ, ಶುರು.

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆ ಮುಗಿದು, ನೀರು ಮೊಣಕಾಲಿಗಿಂತ ಕೆಳಗಿಳಿದ ಮೇಲೆ ಕಟ್ಟ, ಅಂದರೆ ನೀರು ನಿಲ್ಲಿಸಲು ತೋಡಿಗೆ ಅಡ್ಡ ಮಣ್ಣಿನ ಚೀಲದ ಒಡ್ಡು, ಹಾಕುತ್ತೇವೆ. ಹೆಚ್ಚಾಗಿ ನವೆಂಬರ್ ಕೊನೆ, ಇಲ್ಲವೇ ಡಿಸೆಂಬರ್ ಮೊದಲ ವಾರ. ಅವಸರ ಮಾಡಿದರೆ ಒಂದು ಸಂಜೆಯ ಮಳೆಗೆ ಎಲ್ಲ ಕೊಚ್ಚಿಹೋಗುತ್ತದೆ. ಜನವರಿ ದಾಟಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಮೊದಲ ಕೆಲಸ ಹಾರೆಯದ್ದಲ್ಲ, ಮಾತಿನದ್ದು. ಎರಡೂ ದಡದ ತೋಟದವರ ಒಪ್ಪಿಗೆ ಬೇಕು. ಎಲ್ಲಕ್ಕಿಂತ ತಗ್ಗಿನಲ್ಲಿರುವ ಅಡಿಕೆ ತೋಟದ ನೆಲಕ್ಕಿಂತ ಕಟ್ಟದ ತಲೆ ಒಂದು ಅಡಿಯಾದರೂ ಕೆಳಗಿರಬೇಕು, ಇಲ್ಲದಿದ್ದರೆ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಮುಂದಿನ ವರ್ಷ ಆ ದಡಕ್ಕೆ ಕಾಲಿಡಲು ಬಿಡುವುದಿಲ್ಲ.

12 ಅಡಿ ಅಗಲದ ತೋಡಿಗೆ 4 ಅಡಿ ಎತ್ತರ ಬೇಕಾದರೆ ಸುಮಾರು 150 ಖಾಲಿ ಸಿಮೆಂಟು ಚೀಲ ಹಿಡಿಯುತ್ತದೆ. ಚೀಲಕ್ಕೆ ಮುಕ್ಕಾಲು ಭಾಗ ಮಾತ್ರ ಮಣ್ಣು. ಹೊಸಬರೆಲ್ಲ ಬಾಯಿವರೆಗೆ ತುಂಬಿಸುತ್ತಾರೆ. ಬಿಗಿದ ಚೀಲ ಪಕ್ಕದ್ದಕ್ಕೆ ಒತ್ತಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಹಾದಿ ಮಾಡಿಕೊಳ್ಳುತ್ತದೆ. ಹೊಯ್ಗೆ (ಮರಳು) ಬೇಡ, ನೀರು ಸೋರುತ್ತದೆ. ಅಂಟಿರುವ ಕೆಂಪು ಮಣ್ಣೇ ಆಗಬೇಕು. ಅಡಿಯ ಸಡಿಲು ಕಲ್ಲು, ಎಲೆ, ಕೆಸರನ್ನು ಗಟ್ಟಿ ನೆಲ ಸಿಗುವ ತನಕ ಕೆರೆದು ತೆಗೆಯಬೇಕು. ಕಟ್ಟ ಒಡೆದದ್ದು ನಾವು ನೋಡಿದಷ್ಟು ಮಟ್ಟಿಗೆ ಮೇಲಿನಿಂದಲ್ಲ, ಅಡಿಯಿಂದ ಮತ್ತು ಬದಿಯಿಂದ. ಆದ್ದರಿಂದ ಎರಡೂ ದಡದೊಳಗೆ ಒಂದೂವರೆ ಅಡಿ ಕೊರೆದು ಚೀಲದ ಸಾಲನ್ನು ಒಳಗೆ ನುಗ್ಗಿಸುತ್ತೇವೆ. ಇಟ್ಟಿಗೆ ಇಟ್ಟ ಹಾಗೆ ಸಂದಿಯ ಮೇಲೆ ಸಂದಿ ಬಾರದಂತೆ ಎರಡು ಸಾಲು, ನಡುವೆ ತುಳಿದು ಗಟ್ಟಿ ಮಾಡಿದ ಮಣ್ಣು, ನೀರಿನ ಕಡೆಗೆ ಪ್ಲಾಸ್ಟಿಕ್ ಹಾಳೆ, ಆಚೆ ಕಡೆ ಒತ್ತು ಕೊಡಲು ಅಡಿಕೆ ಮರದ ಕಂಬ. ನಡುವಿನಲ್ಲಿ ಅರ್ಧ ಅಡಿ ತಗ್ಗು ಬಿಟ್ಟರೆ ಹೆಚ್ಚಿನ ನೀರು ಅಲ್ಲಿಂದ ಇಳಿದು ಕೆಳಗಿನವರಿಗೂ ಸಿಗುತ್ತದೆ. 20 ಜನ ಬಂದರೆ ಬೆಳಗ್ಗೆ 7ಕ್ಕೆ ಹಿಡಿದು ಮಧ್ಯಾಹ್ನದ ಗಂಜಿ ಹೊತ್ತಿಗೆ ಮುಗಿಯುವ ಕೆಲಸ. ಆದರೆ ನೀರಿಗಿಳಿಯುವವರು ಮೂವರೇ ಇರಲಿ. ಎಲ್ಲರೂ ಇಳಿದರೆ ಚೀಲ ತುಂಬಿಸುವವರು ಯಾರು?

ಸುತ್ತಲಿನ ಬಾವಿಗಳಲ್ಲಿ ನೀರು ಹೆಚ್ಚು ದಿನ ನಿಲ್ಲುತ್ತದೆ, ಊರಿಗೆ ಕಾಣುವ ಲಾಭ ಅದು. ಹುಡುಗರಿಗೆ ಆಗುವ ಲಾಭ ಬೇರೆ: ತಮ್ಮ ಮನೆಯವರು ಮಾತು ಬಿಟ್ಟ ಮನೆಯ ಜಗಲಿಗೂ ಹೋಗಿ ಒಪ್ಪಿಗೆ ಕೇಳುವುದನ್ನು ಕಲಿಯುತ್ತಾರೆ.

ಇನ್ನು ಕಾಗದಪತ್ರ. ಮಲಬಾರು ಭಾಗದ ನಮಗೆ ನೋಂದಣಿ 1860ರ ಸೊಸೈಟಿ ಕಾಯ್ದೆಯಡಿ. ಕನಿಷ್ಠ ಏಳು ಜನ ಸಾಕು. ಮಂಡಲಗಳು ಸಾಯುವುದು ನೋಂದಣಿ ಇಲ್ಲದೆ ಅಲ್ಲ, ಸಹಿ ಇಲ್ಲದೆ. ಕಾರ್ಯದರ್ಶಿ ಗಲ್ಫಿಗೆ ಹಾರುತ್ತಾನೆ, ಖಜಾಂಚಿಗೆ ಮಂಗಳೂರಿನಲ್ಲಿ ಕೆಲಸ, ಬ್ಯಾಂಕಿನ ದುಡ್ಡು ಅಲ್ಲೇ ಕೂತಿರುತ್ತದೆ. ಅದಕ್ಕೆ ಮೂವರ ಹೆಸರಿನಲ್ಲಿ ಖಾತೆ ಮಾಡಿ, ಯಾರಾದರೂ ಇಬ್ಬರ ಸಹಿ ಸಾಕು ಎಂದು ಬರೆಸಿದ್ದೇವೆ. ವೀಸಾ ಬಂತು ಎಂದು ಗೊತ್ತಾದ ವಾರವೇ ಸಭೆ ಕರೆದು, ಸಹಿ ಬದಲಿಸುವ ಠರಾವು ಬರೆದು, ಹೊರಡುವವನನ್ನೇ ಬ್ಯಾಂಕಿಗೆ ಕರೆದುಕೊಂಡು ಹೋಗಬೇಕು. ಜೊತೆ ಕಾರ್ಯದರ್ಶಿ 20 ವರ್ಷ ದಾಟದವನೇ ಆಗಬೇಕೆಂಬುದು ನಮ್ಮ ನಿಯಮ. ಅವನ ಕೈಬರಹ ಕೆಟ್ಟದಾಗಿರಬಹುದು, ಪರವಾಗಿಲ್ಲ, ನಡಾವಳಿ ಅವನೇ ಬರೆಯಲಿ. 50 ರೂಪಾಯಿಯ ಚಹಾಕ್ಕೂ ಚೀಟಿ ಇಟ್ಟು ಬೆಳೆದವನು ನಾಳೆ ಪಂಚಾಯತಿನಲ್ಲಿ ಬಿಲ್ಲು ಕೇಳಲು ನಾಚುವುದಿಲ್ಲ.

ಗಡಿಯ ನಮಗೆ ಇನ್ನೊಂದು ಕೆಲಸವಿದೆ, ಭಾಷೆಯದ್ದು. ಕಚೇರಿಯ ನೋಟೀಸು ಮಲಯಾಳದಲ್ಲಿ ಬರುತ್ತದೆ, ಕನ್ನಡ ಶಾಲೆಯಲ್ಲಿ ಓದಿದ ಅಜ್ಜಿ ಅದನ್ನು ಕನ್ನಡಿಯ ಹಿಂದೆ ಸಿಕ್ಕಿಸಿಡುತ್ತಾರೆ, ಅವಧಿ ಮುಗಿಯುತ್ತದೆ. ಅದನ್ನು ಓದಿ ಹೇಳಿ ಅರ್ಜಿ ಬರೆದುಕೊಡಲು ಶನಿವಾರ ಸಂಜೆ ಎರಡು ತಾಸು ಎರಡೂ ಭಾಷೆ ಬಲ್ಲ ಇಬ್ಬರು ಮಂಡಲದ ಕೋಣೆಯಲ್ಲಿ ಕೂರುತ್ತಾರೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಇದನ್ನು ನಾವು ಅರ್ಜಿಯ ಕೊನೆಗೆ ಒಂದು ಸಾಲಾಗಿ ಸೇರಿಸುತ್ತೇವೆ.

ಪಿಎಸ್‌ಸಿ ಅರ್ಜಿಯೂ, ಅಂದರೆ ಕೇರಳ ಸರ್ಕಾರಿ ಕೆಲಸದ ಪರೀಕ್ಷೆಗೆ ಹಾಕುವ ಅರ್ಜಿಯೂ, ಅಲ್ಲೇ. ಅರ್ಜಿ ಹಾಕಿದರೆ ಆಯಿತು ಎಂದು ಮಕ್ಕಳು ಮರೆತುಬಿಡುತ್ತಾರೆ. ಪರೀಕ್ಷೆ ಬರೆಯುತ್ತೇನೆ ಎಂಬ ದೃಢೀಕರಣವನ್ನು ನಿಗದಿತ ಅವಧಿಯೊಳಗೆ ಕೊಡದಿದ್ದರೆ ಅರ್ಜಿ ತಿರಸ್ಕಾರ. ಗೋಡೆಯ ಹಲಗೆಯಲ್ಲಿ ಹೆಸರಿನ ಎದುರು ಆ ಕೊನೆಯ ದಿನವನ್ನು ಕೆಂಪು ಸೀಮೆಸುಣ್ಣದಲ್ಲಿ ಬರೆಯುತ್ತೇವೆ.

ಮೇ ಮೂರನೇ ವಾರ ಮತ್ತೆ ತೋಡಿಗೆ, ಕಟ್ಟ ಬಿಚ್ಚಲು. ಬಿಸಿಲಿಗೆ ಚೀಲ ಹುಡಿಹುಡಿಯಾಗುತ್ತದೆ, ಮಳೆಗೆ ಬಿಟ್ಟರೆ ಕಡಲಿನವರೆಗೂ ಪ್ಲಾಸ್ಟಿಕ್. ಮಣ್ಣನ್ನು ದಡಕ್ಕೆ ಸುರಿದು ಚೀಲ ಎಣಿಸುತ್ತೇವೆ. ಹಾಕಿದ್ದು 150 ಎಂದು ಪುಸ್ತಕದಲ್ಲಿದ್ದರೆ ತೆಗೆದದ್ದೂ 150 ಆಗಬೇಕು. ಎರಡು ಕಡಿಮೆ ಬಂದರೆ ಹುಡುಗರು ಗೊಣಗುತ್ತಲೇ ಮತ್ತೆ ನೀರಿಗಿಳಿಯುತ್ತಾರೆ.