ಕೆರೆ ದಂಡೆಯ ಮನೆ ತೆರೆಯುವ ಮುನ್ನ ಹಾಸಿಗೆ ಒಣಗಿಸಿ

ಬೇಸಿಗೆ ರಜೆಗೆ ಜನ ಬರುವ ಹಿಂದಿನ ಸಂಜೆ ಬೀಗ ತೆಗೆಯುತ್ತಾರೆ. ನೆಲಕ್ಕೆ ಒಂದು ಸಲ ಒದ್ದೆ ಬಟ್ಟೆ ಎಳೆಯುತ್ತಾರೆ. ಹಾಸಿಗೆಗೆ ಒಗೆದ ಚಾದರ ಹಾಸಿ, ಮೂಲೆಮೂಲೆಗೂ ಸೆಂಟಿನ ಸ್ಪ್ರೇ ಹೊಡೆದರೆ ಇವರ ಪಾಲಿಗೆ ಕೆಲಸ ಮುಗಿಯಿತು. ನಮ್ಮ ಮನೆಯ ಹುಡುಗರೂ ಹೀಗೇ ಮಾಡುತ್ತಾರೆ, ನೋಡಿ ನೋಡಿ ಸಾಕಾಗಿದೆ. ಮಧ್ಯರಾತ್ರಿ ಹೊತ್ತಿಗೆ ಬಂದವರೆಲ್ಲ ಸೀನಲು ಶುರು. ಮುಗ್ಗಲು ಇರುವುದು ಹಾಸಿಗೆಯ ಹೊಟ್ಟೆಯೊಳಗೆ. ಅದಕ್ಕೆ ಮೇಲಿನ ಚಾದರ ಏನು ಮಾಡೀತು?

ಕೆರೆ ಪಕ್ಕದ ಮನೆಯನ್ನು ಕನಿಷ್ಠ ನಾಲ್ಕೈದು ದಿನ ಮುಂಚೆ ತೆರೆಯಬೇಕು. ತೆರೆದ ಕೂಡಲೇ ಪೊರಕೆ ಹಿಡಿಯಬೇಡಿ. ಮುಚ್ಚಿದ ಮನೆಯಲ್ಲಿ ಇಲಿ ಹಿಕ್ಕೆ ಇದ್ದೇ ಇರುತ್ತದೆ, ಒಣ ಹಿಕ್ಕೆ ಗುಡಿಸಿದರೆ ಅದರ ಧೂಳು ನೇರ ಎದೆಗೆ ಇಳಿದು ಕೆಟ್ಟ ಜ್ವರ ತರಬಹುದು. ಕಿಟಕಿ ತೆಗೆದು ಅರ್ಧ ಗಂಟೆ ಹೊರಗೆ ನಿಲ್ಲಿ. ಆಮೇಲೆ ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆ ಮೇಲೆ ಚೆನ್ನಾಗಿ ಸುರಿಯಿರಿ. 5 ನಿಮಿಷ ನೆನೆದ ಮೇಲೆ ಒರೆಸಿ ತೆಗೆಯಿರಿ. ಆ ಬ್ಲೀಚಿಗೆ ವಿನೆಗರ್ ಆಗಲಿ ಕಕ್ಕಸು ತೊಳೆಯುವ ಆಸಿಡ್ ಆಗಲಿ ತಾಗಿಸಲೇಬಾರದು, ವಿಷದ ಗಾಳಿ ಏಳುತ್ತದೆ. ನಲ್ಲಿಗಳಲ್ಲಿ ನಿಂತ ನೀರನ್ನು ಕೆಲವು ನಿಮಿಷ ಹರಿಯಬಿಡಿ. ಒಲೆಯ ಹೊಗೆ ಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿದೆಯೋ ನೋಡದೆ ಬೆಂಕಿ ಹಚ್ಚಬೇಡಿ.

ಕಿಟಕಿ ತೆಗೆಯುವುದಕ್ಕೂ ಹೊತ್ತು ಇದೆ. ಬೆಳಗಾಗುತ್ತಲೇ ಎಲ್ಲ ತೆಗೆದಿಟ್ಟರೆ ಕೆರೆಯ ಮಂಜನ್ನು ನೀವೇ ಒಳಗೆ ಕರೆದ ಹಾಗಾಯಿತು. ತಣ್ಣಗಿರುವ ಗೋಡೆಗೆ ಆ ತೇವ ಅಂಟಿಕೊಂಡರೆ ಬೂಷ್ಟು ಹಿಡಿಯಲು ಇನ್ನೇನು ಬೇಕು? ಬಿಸಿಲೇರಿದ ಮೇಲೆ ಎದುರುಬದುರು ಕಿಟಕಿ ತೆಗೆಯಿರಿ, ಸಂಜೆ ತಂಪು ಇಳಿಯುವ ಮೊದಲು ಮುಚ್ಚಿ. ಮಗ ಒಂದು ತೇವಾಂಶದ ಮೀಟರ್ ತಂದು ತೂಗುಹಾಕಿದ್ದಾನೆ. ಅದು ಶೇಕಡಾ 60ಕ್ಕಿಂತ ಕೆಳಗೇ ಇರಬೇಕು, 50ರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು.

ಈಗ ಹಾಸಿಗೆ. ಇದರಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ.

ಹಿಂದಿನ ದಿನ ಮಳೆ ಬಂದಿದ್ದರೆ ಹಾಸಿಗೆ ಹೊರಗೆ ತರಲೇಬೇಡಿ. ಬಿಸಿಲಿದ್ದರೂ ನೆಲದ ತೇವ ಮೇಲೇಳುತ್ತಿರುತ್ತದೆ. ಒಳ್ಳೆಯ ದಿನವಾದರೂ ಮೊದಲು ಜಗಲಿಯ ಕಟಕಟೆಗೆ ಅಂಗೈ ಒತ್ತಿ ನೋಡಿ. ಕೈಗೆ ಇಬ್ಬನಿ ಅಂಟಿದರೆ ಇನ್ನೂ ಹೊತ್ತಾಗಿಲ್ಲ. ಹುಲ್ಲಿನ ಮೇಲೆ ಹಾಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೇಲೆ ಒಣಗುತ್ತಾ ಕೆಳಗೆ ನೆನೆಯುವ ಹಾಸಿಗೆಯಿಂದ ಏನು ಪ್ರಯೋಜನ? ಎರಡು ಬೆಂಚು ಜೋಡಿಸಿ, ನಡುವೆ ಗಾಳಿಗೆ ಜಾಗ ಬಿಟ್ಟು, ಅದರ ಮೇಲೆ ಹಾಕಿ. ಗವಸು ಪೂರ್ತಿ ಬಿಚ್ಚಿ. ಗಾಳಿಗೆ ಬೆನ್ನು ಕೊಟ್ಟು ನಿಂತು ಬೆತ್ತದಿಂದ ನಡುವಿನಿಂದ ಅಂಚಿಗೆ ಬಡಿಯುತ್ತಾ ಬನ್ನಿ. ಅಂಚಿನಿಂದ ನಡುವಿಗೆ ಬಡಿದರೆ ಹತ್ತಿ ಒಂದೇ ಕಡೆ ಗುಡ್ಡೆಯಾಗುತ್ತದೆ. ಮಧ್ಯಾಹ್ನ ಮಗುಚಿ ಹಾಕಿ ಮತ್ತೆ ಬಡಿಯಿರಿ. ಇದೆಲ್ಲ ಹತ್ತಿ ಹಾಸಿಗೆಗೆ. ಫೋಮ್ ಹಾಸಿಗೆಯನ್ನು ಸುಡುಬಿಸಿಲಿಗೆ ಹಾಕಿದರೆ ಪುಡಿಪುಡಿ ಉದುರುತ್ತದೆ, ಅದಕ್ಕೆ ಗಾಳಿಯಾಡುವ ನೆರಳೇ ಸಾಕು.

ಹಾಸಿಗೆ ಒಣಗುವಷ್ಟರಲ್ಲಿ ಯಾರೋ ಒಬ್ಬರು ಚಾದರದ ಗಂಟು ಹೊತ್ತು ಸೋಪಿನ ಸಮೇತ ಕೆರೆಗೆ ಇಳಿಯುತ್ತಾರೆ. ಬೇಡ ಅಂದರೆ ಬೇಡ. ಯಾವ ಸೋಪೂ ಕೆರೆಗೆ ಒಳ್ಳೆಯದಲ್ಲ. ಕೆಲವು ಸೋಪುಪುಡಿಗಳಲ್ಲಿರುವ ಫಾಸ್ಫೇಟ್ ತಿಂದು ಪಾಚಿ ಕೊಬ್ಬುತ್ತದೆ, ಆಮೇಲೆ ಮಕ್ಕಳು ಈಜುವುದು ಎಲ್ಲಿ? ಬಕೆಟ್ಟಿನಲ್ಲಿ ನೀರು ತಂದು, ದಡದಿಂದ 60 ಮೀಟರ್ ಆಚೆ ಒಗೆದು, ಕೊಳೆನೀರನ್ನು ಅಲ್ಲೇ ಮಣ್ಣಿಗೆ ಚೆಲ್ಲಿ. ಬಕೆಟ್ ಬೋರಲು ಹಾಕುವುದನ್ನೂ ಮರೆಯಬೇಡಿ, ನೀರು ನಿಂತರೆ ವಾರದೊಳಗೆ ಸೊಳ್ಳೆ.

ಹಾಸಿಗೆಯ ವಿಷಯಕ್ಕೆ ಬರೋಣ. ಬಿಸಿಲು ಇನ್ನೂ ಚುರುಕಾಗಿದ್ದಾಗಲೇ ಒಳಗೆ ತನ್ನಿ. ಸೂರ್ಯ ಮುಳುಗುವವರೆಗೂ ಬಿಟ್ಟರೆ ಇಡೀ ದಿನ ಒಣಗಿದ್ದು ಅಷ್ಟೂ ತೇವ ಕುಡಿದುಬಿಡುತ್ತದೆ. ತಂದವರು ತಕ್ಷಣ ಗವಸು ಹಾಕುತ್ತೀರಿ, ಅಲ್ವಾ? ಅದೇ ತಪ್ಪು. ಬಿಸಿ ಹಾಸಿಗೆಗೆ ಗವಸು ಹಾಕಿದರೆ ಉಳಿದ ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ಪೂರ್ತಿ ಆರಲಿ. ಆರಿದ ಮೇಲೆ ಕೆನ್ನೆ ಇಟ್ಟು ನೋಡಿ. ಹೌದು, ಕೆನ್ನೆಯೇ. ಕೆಲಸ ಮಾಡಿ ಒರಟಾದ ಅಂಗೈಗೆ ತಿಳಿಯದ ತಣುವು ಕೆನ್ನೆಗೆ ತಿಳಿಯುತ್ತದೆ. ನಡುವೆ ಅಲ್ಲ, ನಾಲ್ಕೂ ಮೂಲೆಗೆ, ಹೊಲಿಗೆಯ ಉದ್ದಕ್ಕೂ ಇಡಬೇಕು. ತೇವ ಕೊನೆಗೆ ಬಿಡುವುದು ಅಲ್ಲಿಂದಲೇ. ಒಂದು ಮೂಲೆ ತಣ್ಣಗೆ ಕೊರೆದರೂ ನಾಳೆ ಮತ್ತೆ ಬಿಸಿಲಿಗೆ.

ಇದು ನಮ್ಮತ್ತೆ ಕಲಿಸಿದ್ದು. ಮೂಗಿನ ನತ್ತು ತೆಗೆದಿಟ್ಟು, ಬಗ್ಗಿ, ಒಂದೊಂದು ಹಾಸಿಗೆಗೂ ಕೆನ್ನೆ ಕೊಡುತ್ತಿದ್ದರು. ಸೊಸೆಯರು ಸಾಲಾಗಿ ನಿಂತು ಕಾಯುತ್ತಿದ್ದೆವು. ಅವರು "ಊಹೂಂ" ಅಂದರೆ ಆ ರಾತ್ರಿ ಎಷ್ಟೇ ನೆಂಟರಿರಲಿ, ಆ ಹಾಸಿಗೆ ಯಾರಿಗೂ ಇಲ್ಲ, ಚಾಪೆಯೇ ಗತಿ. ಅವರ ಕಾಲದ ಹತ್ತಿ ಹಾಸಿಗೆಗಳು ಇವತ್ತಿಗೂ ನಮ್ಮಲ್ಲಿವೆ. ಹೋದ ವರ್ಷ ತಂದು, ಪ್ಲಾಸ್ಟಿಕ್ ಸುತ್ತಿ ಇಟ್ಟ ಹೊಸ ಹಾಸಿಗೆಗೆ ಈ ಸಲ ಬೂಷ್ಟು ಬಂದಿದೆ.

ಮಂಚವನ್ನು ಗೋಡೆಗೆ ತಾಗಿಸದೆ ಒಂದು ಗೇಣು ದೂರ ಇಡಿ. ರಜೆ ಮುಗಿದು ಬೀಗ ಹಾಕುವಾಗ ಹಾಸಿಗೆಗಳನ್ನು ಒಂದರ ಮೇಲೊಂದು ಒಟ್ಟಬೇಡಿ. ಎಲ್ಲವನ್ನೂ ಅಂಚಿನ ಮೇಲೆ ಬಿಡಿಬಿಡಿಯಾಗಿ ನಿಲ್ಲಿಸಿ, ಮೇಲೆ ಹಳೆ ಹತ್ತಿ ಸೀರೆ ಹೊದಿಸಿದರೆ ಸಾಕು. ಬೀರು ಬಾಗಿಲು, ಒರೆಸಿದ ಫ್ರಿಜ್ಜಿನ ಬಾಗಿಲು ಎರಡನ್ನೂ ಓರೆ ಮಾಡಿಡಿ. ಫ್ರಿಜ್ಜಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಸಂದಿಗೊಂದು ಮಡಚಿದ ಟವೆಲ್ ಸಿಕ್ಕಿಸಿ.