ಅಗ್ನಿಶಾಮಕ ಠಾಣೆಯ ಹಳೆಯ ದಪ್ತರ: ಉಳಿಸಿಕೊಳ್ಳುವುದು ಹೇಗೆ?

ಅಗ್ನಿಶಾಮಕ ಠಾಣೆಯೊಂದರ ಇತಿಹಾಸವನ್ನು ಕಾಪಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಹಳೆಯ ಫೋಟೊ, ಪದಕ ಹಾಗೂ ಹಿತ್ತಾಳೆಯ ಗಂಟೆಯನ್ನು. ಗಾಜಿನ ಕಪಾಟಿನಲ್ಲಿಟ್ಟರೆ ಇವು ಚೆಂದ ಕಾಣುತ್ತವೆ, ನಿಜ. ಆದರೆ ಠಾಣೆಯ ಚರಿತ್ರೆ ದಿನದಿನವೂ ಬರೆಯಲ್ಪಟ್ಟಿರುವುದು ವಾಚ್‌ರೂಮಿನ (ಕರೆ ಸ್ವೀಕರಿಸುವ ಕೋಣೆಯ) ಮೇಜಿನ ಮೇಲೆ ತುಂಬಿ, ಆಮೇಲೆ ಬೀರುವಿನ ನೆತ್ತಿಗೇರಿ ಧೂಳು ಹಿಡಿದ ಕರೆಗಳ ರಿಜಿಸ್ಟರಿನಲ್ಲಿ. ಕರೆ ಬಂದ ವೇಳೆ, ವಾಹನ ಹೊರಟ ವೇಳೆ, ಸ್ಥಳ ತಲುಪಿದ ವೇಳೆ, ಹೊತ್ತಿದ್ದು ಏನು, ಕಾರಣವೇನು, ಅಂದಾಜು ನಷ್ಟವೆಷ್ಟು, ಉಳಿಸಿದ ಆಸ್ತಿ ಎಷ್ಟು ಎಂಬ ವಿವರಗಳನ್ನು ಸಾಲಾಗಿ ಹಲವು ವರ್ಷಗಳಿಗೆ ಓದಿಕೊಂಡು ಹೋದರೆ, ಊರು ಯಾವ ದಿಕ್ಕಿಗೆ ಬೆಳೆಯಿತು, ಬೇಸಿಗೆಯ ಕಣಕಿ ಬಣವಿಗಳ ಬೆಂಕಿಯ ಜೊತೆಗೆ ಕಬ್ಬಿನ ಹೊಲದ ಬೆಂಕಿ ಯಾವಾಗ ಸೇರಿಕೊಂಡಿತು, ಕಟ್ಟಿಗೆಯ ಒಲೆ ಹೋಗಿ ಸಿಲಿಂಡರ್ ಯಾವ ಕಾಲಕ್ಕೆ ಬಂತು ಎಂಬುದೆಲ್ಲ ತಾನಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ಕೆಲಸವನ್ನು ರಿಜಿಸ್ಟರಿನಿಂದ ಆರಂಭಿಸಬೇಕು. ಫೋಟೊಗಳ ಸರದಿ ಆಮೇಲೆ.

ಮೊದಲು ರದ್ದಿಯನ್ನು ತಡೆಯಿರಿ

ಇವು ಸರ್ಕಾರಿ ದಾಖಲೆಗಳು. ಅಭಿಮಾನ ಎಷ್ಟೇ ಇದ್ದರೂ ಮನೆಗೆ ಒಯ್ಯುವಂತಿಲ್ಲ. ಠಾಣಾಧಿಕಾರಿಯ ಮೂಲಕ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗೆ ಅರ್ಜಿ ಕೊಟ್ಟು, ಯಾವ ಕೊಠಡಿಯಲ್ಲಿ, ಯಾರ ಸಮ್ಮುಖದಲ್ಲಿ, ಯಾವ ದಾಖಲೆಗಳನ್ನು ನೋಡುವಿರಿ ಎಂಬುದಕ್ಕೆ ಲಿಖಿತ ಅನುಮತಿ ಪಡೆಯಿರಿ. ದಾಖಲೆಗಳನ್ನು ಸೂಚಿಯೊಂದಿಗೆ ಕ್ರಮಬದ್ಧವಾಗಿ ಇಡುವುದು ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಪ್ರಕರಣದ ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯವೇ ಆಗಿರುವುದರಿಂದ, ನಿಮ್ಮ ಅರ್ಜಿ ಇಲಾಖೆಗೆ ಹೊರೆಯಲ್ಲ, ನೆರವು. ಕಡತಗಳ ವರ್ಗೀಕರಣದಲ್ಲಿ ಶಾಶ್ವತವೆಂದು ಗುರುತಿಸಿದವು ಉಳಿಯುತ್ತವೆ. ಉಳಿದವು ಅವಧಿ ಮುಗಿದ ಮೇಲೆ ವಿಲೇವಾರಿಗೆ ಹೋಗುತ್ತವೆ. ವಾಹನದ ಲಾಗ್‌ಬುಕ್, ಹಾಜರಿ ಪುಸ್ತಕಗಳಂಥವು ಕಣ್ಮರೆಯಾಗುವುದು ಈ ಹಂತದಲ್ಲಿಯೇ. ವಿಲೇವಾರಿ ಪಟ್ಟಿ ಅಂತಿಮವಾಗುವ ಮುನ್ನ ಅದನ್ನು ಒಮ್ಮೆ ನೋಡಲು ಅವಕಾಶ ಕೇಳಿ, ಉಳಿಸಬೇಕಾದವುಗಳನ್ನು ರಾಜ್ಯ ಪತ್ರಾಗಾರ ಇಲಾಖೆಯ ಗಮನಕ್ಕೆ ತರುವಂತೆ ವಿನಂತಿಸಿ.

ಇದ್ದ ಕ್ರಮವನ್ನು ಕೆಡಿಸಬೇಡಿ

ಉತ್ಸಾಹಿಗಳು ಕೆಡಿಸುವುದು ಇಲ್ಲಿಯೇ. ಬೀರು ತೆರೆದ ಕೂಡಲೇ ಎಲ್ಲವನ್ನೂ ನೆಲಕ್ಕೆ ಸುರಿದು, ‘ಬೆಂಕಿ’, ‘ಪ್ರವಾಹ’, ‘ಸಿಬ್ಬಂದಿ’ ಎಂದು ವಿಷಯವಾರು ಗುಡ್ಡೆ ಹಾಕಿಬಿಡುತ್ತಾರೆ. ಹೀಗೆ ಮಾಡಿದರೆ ಯಾವ ಕಾಗದ ಯಾವುದರ ಜೊತೆಗಿತ್ತು, ಯಾರ ಮೇಜಿನಿಂದ ಬಂತು ಎಂಬ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಕಚೇರಿ ತನ್ನ ಕೆಲಸಕ್ಕಾಗಿ ಕಟ್ಟಿಕೊಂಡ ಕ್ರಮವನ್ನು ಹಾಗೆಯೇ ಉಳಿಸುವುದು ಪತ್ರಾಗಾರ ಶಾಸ್ತ್ರದ ಮೂಲ ನಿಯಮ. ಮೊದಲು ಪ್ರತಿ ಬೀರು, ಪ್ರತಿ ಅಂಕಣದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಗಂಟುಗಳಿಗೆ ಚೀಟಿಯ ಮೇಲೆ ಕ್ರಮಸಂಖ್ಯೆ ಕೊಡಿ. ಸಂಖ್ಯೆ ಬೀಳುವವರೆಗೆ ಒಂದು ಗಂಟನ್ನೂ ಕದಲಿಸಬೇಡಿ.

ಧೂಳು, ಪಿನ್ನು, ರುಮಾಲು

ಧೂಳನ್ನು ಮೃದುವಾದ ಒಣ ಬ್ರಷ್‌ನಿಂದ ಪುಸ್ತಕದ ಬೆನ್ನಿನಿಂದ ಹೊರ ಅಂಚಿನ ಕಡೆಗೆ ತೆಗೆಯಬೇಕು. ಒದ್ದೆ ಬಟ್ಟೆ ಸರ್ವಥಾ ಕೂಡದು. ಮುಖಗವಸು ಹಾಕಿಕೊಳ್ಳಿ. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬಾರದು, ಎಳೆದರೆ ಕಾಗದವೂ ಜೊತೆಗೆ ಬರುತ್ತದೆ. ಹಾಳೆಯನ್ನು ಮೇಜಿನ ಮೇಲೆ ಸಮತಟ್ಟಾಗಿ ಒತ್ತಿ ಹಿಡಿದು, ಪಿನ್ನಿನ ಸುತ್ತಲಿನ ತುಕ್ಕನ್ನು ಸಡಿಲಿಸಿ ಮೆಲ್ಲಗೆ ಹೊರತೆಗೆದು, ಅದರ ಬದಲಿಗೆ ಹತ್ತಿಯ ದಾರ ಬಳಸಬೇಕು. ಹರಿದ ಕಡೆ ಪಾರದರ್ಶಕ ಅಂಟುಪಟ್ಟಿ ಹಚ್ಚುವುದು ಮತ್ತು ಮುಖ್ಯ ಹಾಳೆಗಳನ್ನು ಬಿಸಿ ಲ್ಯಾಮಿನೇಶನ್ ಮಾಡಿಸುವುದು ನಮ್ಮ ಕಚೇರಿಗಳಲ್ಲಿ ಭಾರೀ ಪ್ರೀತಿಯ ಕೆಲಸಗಳು. ಎರಡೂ ಕಾಗದಕ್ಕೆ ಶತ್ರು. ಅಂಟು ಕೆಲವೇ ವರ್ಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಅಕ್ಷರಗಳನ್ನು ನುಂಗುತ್ತದೆ. ಲ್ಯಾಮಿನೇಶನ್ನನ್ನು ಮತ್ತೆ ಬಿಡಿಸಲು ಬರುವುದಿಲ್ಲ.

ಕಿತ್ತೂರು ಕರ್ನಾಟಕದ (2021ರವರೆಗಿನ ಮುಂಬೈ ಕರ್ನಾಟಕದ) ಹಳೆಯ ಕಚೇರಿಗಳಲ್ಲಿ ಕಡತಗಳನ್ನು ರುಮಾಲಿನಲ್ಲಿ ಕಟ್ಟಿಡುವ ಪದ್ಧತಿ ಒಳ್ಳೆಯದೇ, ಬಟ್ಟೆ ಗಾಳಿಯಾಡಲು ಬಿಡುತ್ತದೆ. ಆದರೆ ಕೆಂಪು ಬಟ್ಟೆಗೆ ನೀರು ತಾಗಿದರೆ ಬಣ್ಣ ಬಿಟ್ಟು ಕಾಗದವನ್ನೂ ಕೆಂಪಾಗಿಸುತ್ತದೆ. ಕೋರಾ ಹತ್ತಿ ಬಟ್ಟೆ ಇದಕ್ಕೆ ಸಾಕು. ಹೊಸ ಬಟ್ಟೆಯ ಗಂಜಿ ಹುಳುಗಳನ್ನು ಕರೆಯುವುದರಿಂದ, ಒಮ್ಮೆ ಬಿಸಿನೀರಿನಲ್ಲಿ ಒಗೆದು ಪೂರ್ತಿ ಒಣಗಿಸಿದ ಮೇಲೆಯೇ ಬಳಸಿ. ಬೇವಿನ ಎಲೆ ಇಡುವುದಾದರೆ ಪ್ರತ್ಯೇಕ ಚೀಲದಲ್ಲಿಡಿ, ಪುಡಿ ಹಾಳೆಗಳ ನಡುವೆ ಸೇರಬಾರದು. ಗೆದ್ದಲಿನ ಭಯವಿದ್ದರೆ ಕಬ್ಬಿಣದ ಬೀರುವನ್ನು ಗೋಡೆಯಿಂದ ಸ್ವಲ್ಪ ದೂರಕ್ಕೆ ಸರಿಸುವುದು ಮೊದಲ ಉಪಾಯ.

ಕಾಗದ ನೆನೆದರೆ ಮಾತ್ರ ತಡಮಾಡುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ದಿನ ಕಳೆದರೆ ಬೂಸ್ಟು ಹಿಡಿಯುತ್ತದೆ. ಹಾಳೆಗಳ ನಡುವೆ ಮುದ್ರಣವಿಲ್ಲದ ಬಿಳಿ ಕಾಗದವಿಟ್ಟು, ಬಿಸಿಲಿಗೆ ಒಡ್ಡದೆ, ನೆರಳಿನಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ. ಕಾಗದ ಇಡುವ ಕೊಠಡಿಯಲ್ಲಿ ಇಂಗಾಲದ ಡೈಆಕ್ಸೈಡ್ ಮಾದರಿಯ ನಂದಕ ನೀರನ್ನೂ ಪುಡಿಯನ್ನೂ ಉಳಿಸಿಹೋಗುವುದಿಲ್ಲ, ಆದರೆ ಕಾಗದದ ಗಂಟಿನ ಆಳಕ್ಕಿಳಿದ ಬೆಂಕಿಗೆ ಅದೊಂದೇ ಸಾಲದು. ಅಗ್ನಿಶಾಮಕ ಠಾಣೆಯವರಿಗೆ ಇದನ್ನು ಹೇಳಿಕೊಡುವುದು ಅಧಿಕಪ್ರಸಂಗವಾದೀತು. ಆದರೂ ವಾಹನಗಳ ನಿಗಾ ವಹಿಸುವಷ್ಟು ದಪ್ತರದ ಕೋಣೆಯ ನಿಗಾ ಎಲ್ಲೆಡೆ ಇರುವುದಿಲ್ಲ.

ಪಟ್ಟಿ ಮಾಡುವಾಗ ಊರಿನ ಹೆಸರು, ಆಳಿದವರ ಹೆಸರು

ಸೂಚಿಪಟ್ಟಿಯಲ್ಲಿ ಗಂಟಿನ ಸಂಖ್ಯೆ, ಪುಸ್ತಕದ ಮೇಲಿರುವ ಹೆಸರು, ಮೊದಲ ಹಾಗೂ ಕೊನೆಯ ನಮೂದಿನ ದಿನಾಂಕ, ಭಾಷೆ, ಸ್ಥಿತಿ ಇಷ್ಟಿದ್ದರೆ ಆರಂಭಕ್ಕೆ ಸಾಕು. ತೊಡಕು ಬರುವುದು ಹೆಸರುಗಳಲ್ಲಿ. ಬೆಳಗಾಂ, ಬಿಜಾಪುರಗಳು ಬೆಳಗಾವಿ, ವಿಜಯಪುರಗಳಾದದ್ದು 2014ರ ನವೆಂಬರ್ 1ರಂದು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಬಾದಾಮಿ, ಜಮಖಂಡಿ, ಹುನಗುಂದದ ಹಳೆಯ ಪತ್ರವ್ಯವಹಾರವನ್ನು ಬಿಜಾಪುರ ಜಿಲ್ಲೆಯ ಕಡತಗಳಲ್ಲಿ ಹುಡುಕಬೇಕು. ಮೂಲದಲ್ಲಿ ಇದ್ದ ಹೆಸರನ್ನು ಹಾಗೆಯೇ ಬರೆದು, ಈಗಿನ ಹೆಸರನ್ನು ಬೇರೆ ಅಂಕಣದಲ್ಲಿ ಕೊಡಿ.

ಇನ್ನೂ ಹಿಂದಕ್ಕೆ ಹೋದರೆ ಕಾಗದವೇ ಬೇರೆ ಊರಿನಲ್ಲಿದೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆಗಳು ಮುಂಬೈ ರಾಜ್ಯದಲ್ಲಿದ್ದವು. 1901ರ ಮುಂಬೈ ಜಿಲ್ಲಾ ಪುರಸಭಾ ಕಾಯ್ದೆಯು ಬೆಂಕಿ ನಂದಿಸುವುದನ್ನು ಪುರಸಭೆಗಳ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿತ್ತು. ರಾಜ್ಯದ ಅಗ್ನಿಶಾಮಕ ದಳದ ಕಾಯ್ದೆ ಬಂದದ್ದು 1964ರಲ್ಲಿ. ಹೀಗಾಗಿ ಪಂಪು ಕೊಂಡದ್ದು, ನೀರು ಹೊರುವವರಿಗೆ ಕೂಲಿ ಕೊಟ್ಟದ್ದು ಮುಂತಾದವನ್ನು ಪುರಸಭೆಯ ಠರಾವು ಪುಸ್ತಕಗಳಲ್ಲಿ ಹುಡುಕಬೇಕಾಗುತ್ತದೆ. ಮುಂಬೈ ಸರ್ಕಾರದೊಂದಿಗಿನ ಪತ್ರವ್ಯವಹಾರಕ್ಕಾಗಿ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರವನ್ನು ನೋಡಬಹುದು. ಜಮಖಂಡಿ, ಮುಧೋಳ, ರಾಮದುರ್ಗ ಸ್ವಾತಂತ್ರ್ಯಕ್ಕೆ ಮುನ್ನ ಸಂಸ್ಥಾನಗಳು. ಬೆಳಗಾವಿಗೆ ಅಂಟಿಕೊಂಡೇ ಇದ್ದ ಶಹಾಪುರ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ದಂಡುಪ್ರದೇಶದ ಆಡಳಿತವೂ ಬೇರೆ. ಒಂದೇ ರಸ್ತೆಯ ಎರಡು ಬದಿಯ ಬೆಂಕಿಗೆ ಎರಡು ಸರ್ಕಾರಗಳ ದಪ್ತರ ತಿರುವಬೇಕಾದ ಪ್ರಸಂಗ ಬಂದರೆ ಅಚ್ಚರಿಪಡಬೇಡಿ. ಇವುಗಳಲ್ಲಿ ಹಲವು ಮರಾಠಿಯಲ್ಲಿದ್ದು, ಹಳೆಯವು ಮರಾಠಿಯ ಹಿಂದಿನ ಕೂಡುಬರಹವಾದ ಮೋಡಿ ಲಿಪಿಯಲ್ಲಿರುತ್ತವೆ. ಮೋಡಿ ಓದಬಲ್ಲ ಹಿರಿಯರನ್ನು ಈಗಲೇ ಹುಡುಕಿಕೊಳ್ಳಿ.

ಪ್ರತಿ ತೆಗೆಯುವುದು

ಸ್ಕ್ಯಾನರ್ ಇದ್ದರೆ ಕನಿಷ್ಠ 300 ಡಿಪಿಐ, ಫೋಟೊಗಳಿಗೆ 600. ಮೂಲಪ್ರತಿ ಟಿಫ್ ರೂಪದಲ್ಲಿ, ಹಂಚಲು ಜೆಪೆಗ್. ಹೊಲಿಗೆ ಬಿಗಿಯಾದ ರಿಜಿಸ್ಟರನ್ನು ಗಾಜಿಗೆ ಒತ್ತಿದರೆ ಬೆನ್ನು ಮುರಿಯುತ್ತದೆ. ಅಂಥದ್ದನ್ನು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಸ್ಟ್ಯಾಂಡಿಗೆ ಕಟ್ಟಿದ ಮೊಬೈಲಿನಿಂದಲೇ ತೆಗೆಯಬಹುದು. ಖಾಲಿ ಪುಟವನ್ನೂ ಬಿಡಬೇಡಿ, ಇಲ್ಲದಿದ್ದರೆ ಪುಟ ಹರಿದಿದೆಯೋ ಬಿಟ್ಟುಹೋಗಿದೆಯೋ ಎಂಬ ಸಂಶಯ ಉಳಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಠಾಣೆಯ ಹೊರಗೆ ಎಂಬ ಲೆಕ್ಕ ಇಟ್ಟುಕೊಳ್ಳಿ. ಫ್ಯಾಕ್ಸ್ ಕಾಗದದ ಸಂದೇಶಗಳಿದ್ದರೆ ಅವನ್ನೇ ಮೊದಲು ತೆಗೆಯಿರಿ, ಅಕ್ಷರಗಳು ಮಾಸುತ್ತಲೇ ಇರುತ್ತವೆ.

ಬಾಯಿಮಾತಿನ ದಾಖಲೆ

ರಿಜಿಸ್ಟರಿನಲ್ಲಿ ವೇಳೆ ಇರುತ್ತದೆ, ಕೈಯ ಕೆಲಸ ಇರುವುದಿಲ್ಲ. ನಿವೃತ್ತರೊಂದಿಗೆ ಕೂತಾಗ “ನಿಮ್ಮ ಅನುಭವ ಹೇಳ್ರಿ” ಎಂದು ಕೇಳಿದರೆ ಭಾಷಣ ಬರುತ್ತದೆ. ಅದರ ಬದಲು ರಿಜಿಸ್ಟರಿನ ಒಂದು ನಮೂದನ್ನು ಮುಂದಿಟ್ಟು, “ಸರ್, ಅವತ್ತ ಹೋಸ್ ಎಲ್ಲಿತನಕ ಹಾಸಿದ್ರಿ, ನೀರು ಎಲ್ಲಿ ತುಂಬಿಸಿದ್ರಿ, ಬ್ರಾಂಚ್ ಯಾರು ಹಿಡಿದಿದ್ರು?” ಎಂದು ಕೇಳಿ (ಬ್ರಾಂಚ್ ಎಂದರೆ ಹೋಸಿನ ತುದಿಯಲ್ಲಿ ನೀರು ಚಿಮ್ಮಿಸುವ ಕೊಳವೆ). ಚಾಂದ್ ಬಾವಡಿ, ತಾಜ್ ಬಾವಡಿಗಳ ಊರಾದ ವಿಜಯಪುರದಲ್ಲಿ ನೀರಿನ ಪ್ರಶ್ನೆಯೊಂದೇ ಒಂದು ಅಧ್ಯಾಯಕ್ಕಾಗುವಷ್ಟು ಮಾತು ತೆಗೆಸುತ್ತದೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎಳೆಯ ಮಗುವನ್ನು ಜೀವಂತವಾಗಿ ಮೇಲೆತ್ತಿದಂಥ ಕಾರ್ಯಾಚರಣೆಗಳಲ್ಲಿ ಅನೇಕ ಇಲಾಖೆ, ಪಡೆಗಳವರು ಕೂಡಿ ದುಡಿದಿರುತ್ತಾರೆ. ಯಾವ ಪಡೆ ಯಾವ ಗಂಟೆಯಲ್ಲಿ ಏನು ಮಾಡಿತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ದಾಖಲಿಸಿಕೊಳ್ಳಬೇಕು. ಧ್ವನಿಮುದ್ರಣಕ್ಕೆ ಮುನ್ನ ಒಪ್ಪಿಗೆಪತ್ರಕ್ಕೆ ಸಹಿ ಪಡೆಯಿರಿ.

ಫೋಟೊ ಕೇಳುವುದಕ್ಕೆ ತಕ್ಕ ಸಮಯ ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು ಪ್ರಾಣ ತೆತ್ತ ಅಗ್ನಿಶಾಮಕರ ಸ್ಮರಣೆ ಅದು. ಆ ವಾರ ನಿವೃತ್ತರ ಮನೆಯವರು ಠಾಣೆಗೆ ಬಂದಾಗ ಆಲ್ಬಮ್ಮಿನಿಂದ ಪ್ರತಿ ತೆಗೆದುಕೊಂಡು, ಮೂಲವನ್ನು ಅಲ್ಲಿಯೇ ಮರಳಿಸಿ. ನಿಮ್ಮಲ್ಲಿ ಉಳಿಯುವ ಪ್ರತಿಯ ಹಿಂದೆ ಹೆಸರುಗಳನ್ನು ಪೆನ್ನಿನಿಂದಲ್ಲ, ಮೃದು ಪೆನ್ಸಿಲಿನಿಂದ ಬರೆಯಿರಿ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡುವಂತಿಲ್ಲ. ಸುಟ್ಟಗಾಯವಾದವರ, ಬಾವಿಗೆ ಬಿದ್ದವರ ಹೆಸರುಗಳು ಈ ಪುಸ್ತಕಗಳಲ್ಲಿವೆ, ಅವರ ಮನೆಯವರು ಇದೇ ಊರಿನಲ್ಲಿದ್ದಾರೆ. ಓದುಗರಿಗೆ ಕೊಡುವ ಪ್ರತಿಯಲ್ಲಿ ಇಂಥ ಹೆಸರುಗಳನ್ನು ಮರೆಮಾಡಿ, ಮೂಲಪ್ರತಿಯನ್ನು ಇಲಾಖೆಯ ಸುಪರ್ದಿಯಲ್ಲಿಯೇ ಇರಿಸಿ.

ಕೊನೆಯದಾಗಿ, ಠಾಣಾಧಿಕಾರಿಗಳು ವರ್ಗವಾಗುತ್ತಾರೆ, ಹೊಸಬರಿಗೆ ಆ ಬೀರು ಏಕಿದೆ ಎಂಬುದೇ ಗೊತ್ತಿರುವುದಿಲ್ಲ. ಹೋಸ್, ಏಣಿ, ಪಂಪುಗಳ ಹೆಸರಿರುವ ಪ್ರಭಾರ ಪಟ್ಟಿಯಲ್ಲಿ ‘ಹಳೆಯ ದಾಖಲೆಗಳ ಬೀರು, ಸೂಚಿಪಟ್ಟಿ, ಹಾರ್ಡ್‌ಡಿಸ್ಕ್, ಬೀಗದ ಕೈ’ ಎಂದು ಒಂದು ಸಾಲನ್ನು ಸೇರಿಸಲು ಕೇಳಿಕೊಳ್ಳಿ. ಆಗ ಪ್ರಭಾರ ವಹಿಸಿಕೊಳ್ಳುವವರು ಬೀರು ತೆರೆದು, ಎಣಿಸಿ ನೋಡಿಯೇ ಸಹಿ ಹಾಕಬೇಕಾಗುತ್ತದೆ.